ಅಪ್‌ಡೇಟ್: ಬಾಲ್ ಪೈಥಾನ್ ಕೊನೆಗೂ ತಿಂದಿತು

ಹೊಸದಾಗಿ ತಂದ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಚಿಕ್ಕ ಜಾತಿಯ ಹೆಬ್ಬಾವು) ಮರಿ ಏನೂ ತಿನ್ನುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ತಿಂದಿತು!

ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಸುಮ್ನೆ ಬಿಡಿ. ಹಾಗಾಗಿ ಮುಟ್ಟುವುದನ್ನು ನಿಲ್ಲಿಸಿ ನೀರು ಮಾತ್ರ ಬದಲಾಯಿಸುತ್ತಿದ್ದೆ. ಅದರ ಪೆಟ್ಟಿಗೆಯಲ್ಲಿ ಬೆಚ್ಚಗಿನ ಕಡೆ ಒಂದು, ತಂಪು ಕಡೆ ಇನ್ನೊಂದು ಅಡಗಿಕೊಳ್ಳುವ ಗೂಡು ಇಟ್ಟೆ. ಎರಡೂ ಮೈಗೆ ತಾಗುವಷ್ಟು ಇಕ್ಕಟ್ಟು. ನೋಡಿದರೆ ಪಾಪ ಅನಿಸುತ್ತದೆ, ಆದರೆ ಅದಕ್ಕೆ ಬೇಕಾದದ್ದು ಅದೇ. ಥರ್ಮೋಸ್ಟಾಟ್ ಹಾಕಿ ಬೆಚ್ಚಗಿನ ಕಡೆ 32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 26ರ ಆಸುಪಾಸು ಇಟ್ಟಿದ್ದೇನೆ. ತೇವಾಂಶ ಶೇ. 60ರ ಮೇಲೆ.

ನಿಜವಾಗಿ ಕೆಲಸ ಮಾಡಿದ್ದು ಬಿಸಿ. ಫ್ರೋಜನ್ ಇಲಿಯನ್ನು ಫ್ರಿಜ್ಜಿನಲ್ಲಿ ಕರಗಿಸಿ, ಕವರ್ ಸಮೇತ ಬಿಸಿ ನೀರಿನಲ್ಲಿಟ್ಟು, ಕತ್ತಲಾದ ಮೇಲೆ ಉದ್ದ ಚಿಮಟದಲ್ಲಿ ಹಿಡಿದೆ. ಈ ಹಾವಿನ ತುಟಿಯ ಮೇಲಿನ ಕುಳಿಗಳು ಶಾಖ ಗುರುತಿಸುತ್ತವೆ, ಅಲ್ವಾ? ತಣ್ಣಗಿನ ಇಲಿ ಅದರ ಲೆಕ್ಕದಲ್ಲಿ ಊಟವೇ ಅಲ್ಲ. ಬೆಚ್ಚಗಿದ್ದದ್ದನ್ನು ಒಂದೇ ಏಟಿಗೆ ಹಿಡಿದು ಸುತ್ತಿಕೊಂಡಿತು. (ನಾನು ಬೆಚ್ಚಿಬಿದ್ದು ಚಿಮಟ ಬಿಟ್ಟೆ, ಅದು ಬೇರೆ ಮಾತು.)

ಜೀವಂತ ಇಲಿ ಹಾಕಿ ಎಂಬ ಸಲಹೆ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಇಲಿ ತಿರುಗಿ ಕಚ್ಚಿದರೆ ಹಾವಿಗೇ ಗಾಯ. ತಿಂದ ಮೇಲೆ ಎರಡು ದಿನ ಎತ್ತಿಕೊಳ್ಳಬಾರದು, ಕಕ್ಕಿಬಿಡಬಹುದು.

ಈಗ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡುತ್ತಿದ್ದೇನೆ. ಈ ಜಾತಿ ಉಪವಾಸಕ್ಕೆ ಹೆಸರುವಾಸಿ. ಮತ್ತೆ ಊಟ ಬಿಟ್ಟರೂ ತೂಕ ಅಷ್ಟೇ ಇದ್ದರೆ ಗಾಬರಿಯಿಲ್ಲ, ಇಳಿಯುತ್ತಾ ಹೋದರೆ ಹಾವು ನೋಡುವ ಪಶುವೈದ್ಯರ ಹತ್ತಿರ ಹೋಗುತ್ತೇನೆ.