ರಾತ್ರಿ ಕಂಪ್ಯೂಟರ್ ಶಟ್‌ಡೌನ್ ಮಾಡಬೇಕಾ, ಹಾಗೇ ಬಿಡಬೇಕಾ? – ನಮ್ಮ ಬಳಗದ ಪ್ರಶ್ನೋತ್ತರ

ಅಡ್ಮಿನ್: ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಕೇಳುವುದು ಕೇಳಿ.

ಸಾಗರದ ಮೇಷ್ಟ್ರು: ನಮಸ್ಕಾರ. ದಿನಾ ಆಫ್-ಆನ್ ಮಾಡಿದರೆ ಹಾರ್ಡ್‌ಡಿಸ್ಕ್ ಬೇಗ ಹಾಳಾಗುತ್ತದೆ ಅಂತಾರೆ. ಹೌದಾ?

ರಿಪೇರಿ ಅಣ್ಣ: ನಮಸ್ಕಾರ ಮೇಷ್ಟ್ರೇ. ತಿರುಗುವ ಹಳೇ ಡಿಸ್ಕ್‌ಗೆ ಆನ್ ಆಗುವಾಗ ಸ್ವಲ್ಪ ಸವೆತ ಇದೆ. ಆದರೆ ಅವು ಸಾವಿರಾರು ಸಲ ಆನ್-ಆಫ್ ತಾಳುತ್ತವೆ. ಹೊಸ ಬಗೆಯ ಚಿಪ್ ಡಿಸ್ಕ್ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ನಮ್ಮ ಕಡೆ ತೊಂದರೆ ಕೊಡುವುದು ಮಳೆಗಾಲದ ಕರೆಂಟ್. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯುಪಿಎಸ್ ಇಲ್ಲದಿದ್ದರೆ ರಾತ್ರಿಯಿಡೀ ಆನ್ ಇಡಲೇಬೇಡಿ. ಮಲಗುವಾಗ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ಚೂ ಆಫ್ ಮಾಡಿ. ಊಟಕ್ಕೆ ಎದ್ದರೆ ಸ್ಲೀಪ್ ಸಾಕು.

ಕೊಪ್ಪದ ಹುಡುಗ: ಒಂದು ಸಲ ಆನ್ ಮಾಡುವ ಕರೆಂಟ್‌ನಲ್ಲಿ ಇಡೀ ದಿನ ಓಡಿಸಬಹುದು ಅಂತ ಫಾರ್ವರ್ಡ್ ಬಂದಿದೆಯಲ್ಲ ಸರ್?

ರಿಪೇರಿ ಅಣ್ಣ: ಸುಳ್ಳು. ಆನ್ ಆಗುವಾಗಿನ ಎಳೆತ ಕ್ಷಣದ್ದು. ಸುಮ್ನೆ ಆನ್ ಇರುವ ಡೆಸ್ಕ್‌ಟಾಪ್ 60 ವಾಟ್ ತಗೊಂಡರೂ ತಿಂಗಳಿಗೆ 43 ಯೂನಿಟ್ ಆಗುತ್ತದೆ.

ಅಡಿಕೆ ತೋಟ: ಗೃಹಜ್ಯೋತಿ ಇದೆಯಲ್ಲ, ಬಿಲ್ ಸೊನ್ನೆ. ಚಿಂತೆ ಯಾಕೆ?

ಸಾಗರದ ಮೇಷ್ಟ್ರು: ಎಲ್ಲರಿಗೂ 200 ಯೂನಿಟ್ ಅಲ್ಲ ಮಾರಾಯ್ರೆ. 2022-23ರ ನಿಮ್ಮ ಸರಾಸರಿ, ಅದರ ಮೇಲೆ ಶೇಕಡಾ 10; ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು.

ಅಡಿಕೆ ತೋಟ: ನಮ್ಮ ಬಿಲ್ ನಮಗೆ ಗೊತ್ತು. ಪಾಠ ಶಾಲೆಯಲ್ಲಿ ಮಾಡಿ.

ಸಾಗರದ ಮೇಷ್ಟ್ರು: ಪುಕ್ಕಟೆ ಅಂತ ಪೋಲು ಮಾಡುವವರಿಗೆ ಎಲ್ಲಿದ್ದರೂ ಹೇಳುತ್ತೇನೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ, ದಯವಿಟ್ಟು.

ರಿಪ್ಪನ್‌ಪೇಟೆ: ಲ್ಯಾಪ್‌ಟಾಪ್ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಅಣ್ಣಾ?

ಹೊಸನಗರದ ಗೃಹಿಣಿ: ಅಣ್ಣಾ, ನಮ್ಮದು ಶಟ್‌ಡೌನ್ ಮಾಡಿದ ಮೇಲೂ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮಳೆ ಹಿಡಿದ ಮೇಲೆ ಜಾಸ್ತಿ. ನೆಲವೂ ಒದ್ದೆ. ಆನ್ ಇಟ್ಟರೆ ಸರಿಹೋಗುತ್ತದಾ? ಮಗಳು ಬರಿಗಾಲಲ್ಲೇ ಕೂತು ಓದುತ್ತಾಳೆ.

ರಿಪೇರಿ ಅಣ್ಣ: ಅಕ್ಕ, ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಆಮೇಲೆ ಓದಿ.

ಶಟ್‌ಡೌನ್ ಅಂದರೆ ಪೂರ್ತಿ ಆಫ್ ಅಲ್ಲ. ಗೋಡೆಯ ಸ್ವಿಚ್ ಆನ್ ಇದ್ದರೆ ಒಳಗಿನ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) 230 ವೋಲ್ಟ್ ಬರುತ್ತಲೇ ಇರುತ್ತದೆ. ಅದರೊಳಗೆ ಕರೆಂಟಿನ ಗದ್ದಲ ಸೋಸುವ ಫಿಲ್ಟರ್ ಕೆಪಾಸಿಟರ್ ಅನ್ನುವ ಬಿಡಿಭಾಗಗಳಿವೆ. ಅವುಗಳಿಂದ ಬರುವ ಚೂರು ಕರೆಂಟ್ ನೆಲಕ್ಕೆ ಇಳಿಯುವ ಅರ್ಥ್ ವಯರಿನಲ್ಲಿ ಹರಿದು ಹೋಗಬೇಕು. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115ರ ಹತ್ತಿರ, ನಿಲ್ಲುತ್ತದೆ. ಜುಮ್ ಅನ್ನಿಸುವುದು ಹೆಚ್ಚಾಗಿ ಅದೇ. ಆದರೆ ಒಳಗೆ ಎಲ್ಲೋ ವಯರ್ ಸುಲಿದು ತಾಗುತ್ತಿದ್ದರೂ ಶುರು ಹೀಗೇ ಇರಬಹುದು. ಮುಟ್ಟಿ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಒದ್ದೆ ನೆಲ, ಬರಿಗಾಲು ಅಂದಿರಿ. ನನಗೆ ಹೆದರಿಕೆ ಆಗುತ್ತಿರುವುದು ಅದಕ್ಕೇ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಹಾಕಿದ್ದೀರಾ? ಅದರಲ್ಲಿ ಅರ್ಥ್ ಇರುವುದಿಲ್ಲ. ಸಾಕೆಟ್‌ನ ದೊಡ್ಡ ತೂತಿಗೆ ಅರ್ಥ್ ವಯರ್ ಬಂದಿದೆಯಾ? ಎಲೆಕ್ಟ್ರಿಷಿಯನ್ ಕರೆಸಿ. ನೀವು ಬಿಚ್ಚಬೇಡಿ. ಅರ್ಥ್ ಗುಂಡಿಯನ್ನೂ ನೋಡಿಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ಅಡಿಕೆ ತೋಟ: ಅಕ್ಕ, ಅಷ್ಟೆಲ್ಲ ಬೇಡ. ಸಾಕೆಟ್ ಒಳಗೆ ಅರ್ಥ್‌ಗೂ ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ವಯರ್) ಒಂದು ತುಂಡು ವಯರ್ ಸೇರಿಸಿ. ಫಾರ್ವರ್ಡ್ ವಿಡಿಯೋ ಹಾಕಿದ್ದೇನೆ ನೋಡಿ.

ರಿಪೇರಿ ಅಣ್ಣ: ಆ ವಿಡಿಯೋ ಈಗಲೇ ತೆಗೆಯಿರಿ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತುಂಡಾದರೆ ಕ್ಯಾಬಿನೆಟ್ ಮೇಲೆ ಪೂರ್ತಿ 230 ವೋಲ್ಟ್ ಬರುತ್ತದೆ. ಮುಟ್ಟಿದವರು ಸಾಯುತ್ತಾರೆ.

ಅಡಿಕೆ ತೋಟ: ನಮ್ಮನೆಯಲ್ಲಿ ಹಾಗೇ ಇದೆ. ಏನೂ ಆಗಿಲ್ಲ.

ರಿಪೇರಿ ಅಣ್ಣ: ನಿಮ್ಮನೆಯಲ್ಲೂ ಬಿಚ್ಚಿಸಿ. ಅಡ್ಮಿನ್, ಅಳಿಸಿ ಅದನ್ನ.

ಅಡ್ಮಿನ್: ಅಳಿಸಿದೆ.

ಆಗುಂಬೆ ಹೋಂಸ್ಟೇ: ಸಿಡಿಲಿಗೆ ಶಟ್‌ಡೌನ್ ಸಾಕಾ?

ರಿಪೇರಿ ಅಣ್ಣ: ಸಾಲದು. ಗುಡುಗು ಕೇಳುವ ಮೊದಲೇ ಪ್ಲಗ್ ಕೀಳಿ, ರೂಟರ್‌ನಿಂದ ಬರುವ ಲ್ಯಾನ್ ವಯರನ್ನೂ ಕೀಳಿ. ಅದರಲ್ಲೂ ಹೊಡೆತ ಬರುತ್ತದೆ. ಗುಡುಗು ಶುರುವಾದ ಮೇಲೆ ವಯರ್ ಮುಟ್ಟಲು ಹೋಗಬೇಡಿ. ಸ್ಪೈಕ್ ಗಾರ್ಡ್ ನಂಬಿ ಕೂರಬೇಡಿ, ಹತ್ತಿರ ಬಿದ್ದ ಸಿಡಿಲನ್ನು ಅದು ತಡೆಯುವುದಿಲ್ಲ.

ಶೃಂಗೇರಿ: ತೇವಕ್ಕೆ ಕ್ಯಾಬಿನೆಟ್ ಒಳಗೆ ಅಕ್ಕಿ ಗಂಟು ಇಡಬೇಕಂತೆ?

ರಿಪೇರಿ ಅಣ್ಣ: ಬೇಡ. ಅಕ್ಕಿಗೆ ಇರುವೆ, ಇಲಿ ಬರುತ್ತವೆ. ದಿನಾ ಒಂದು ಗಂಟೆ ಓಡಿಸಿ. ಆ ಬಿಸಿಗೇ ಒಳಗಿನ ತೇವ ಆರುತ್ತದೆ.

ಕೊಪ್ಪದ ಹುಡುಗ: ನಾನು ದಿನಾ ಶಟ್‌ಡೌನ್ ಮಾಡುತ್ತೇನೆ, ಆದರೂ ವಿಂಡೋಸ್ ನಿಧಾನ.

ರಿಪೇರಿ ಅಣ್ಣ: ರೀಸ್ಟಾರ್ಟ್ ಕೊಡು. ಫಾಸ್ಟ್ ಸ್ಟಾರ್ಟಪ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದಾಗ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ತೀರ್ಥಹಳ್ಳಿ: ರಾತ್ರಿ ಶಟ್‌ಡೌನ್ ಮಾಡಬೇಕಾ ಸರ್?

ರಿಪೇರಿ ಅಣ್ಣ: ಮೇಲೆ ಓದಿ.

ರಿಪ್ಪನ್‌ಪೇಟೆ: ಬ್ಯಾಟರಿ ರೇಟ್ ಕೇಳಿದ್ದೆ. ನಾವು ಕಾಣಿಸುವುದಿಲ್ವಾ?

ಹೊಸನಗರದ ಗೃಹಿಣಿ: ಪ್ಲಗ್ ಕಿತ್ತೆ ಅಣ್ಣಾ. ಎರಡು ಪಿನ್ನಿನ ಅಡಾಪ್ಟರೇ ಇತ್ತು. ಎಲೆಕ್ಟ್ರಿಷಿಯನ್ ನಾಳೆ ಬರುತ್ತಾರೆ. ಏನು ಹೇಳಲಿ?

ರಿಪೇರಿ ಅಣ್ಣ: ಅಡಾಪ್ಟರ್ ಎಸೆಯಿರಿ. ಮೀಟರ್ ಇಟ್ಟು ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಎರಡೂ ಅಳೆಯಲು ಹೇಳಿ. ಮೊದಲನೆಯದು 230ರ ಹತ್ತಿರ ಬರಬೇಕು, ಎರಡನೆಯದು ಒಂದೆರಡು ವೋಲ್ಟ್ ಅಷ್ಟೇ. ಎರಡೂ ಇಲ್ಲಿ ಬರೆಯಿರಿ, ನಾನು ನೋಡುತ್ತೇನೆ. ಅಲ್ಲಿವರೆಗೆ ಮಗಳಿಗೆ ಫೋನಿನಲ್ಲೇ ಓದಲು ಹೇಳಿ.