ಈ ಚಳಿಗೆ ಏನು ಓದಲಿ, ಏನು ನೋಡಲಿ?

ಕುವೆಂಪುನಗರದವಳು: ಧನುರ್ಮಾಸ ಬಂತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಮೇಲೆ ಮಂಜು, ಸಂಜೆ ಹೊರಗೆ ಹೋಗಲು ಮನಸ್ಸೇ ಬರುವುದಿಲ್ಲ. ಶಾಲು ಹೊದ್ದು ಓದಲು ಒಂದು ಪುಸ್ತಕ, ಮಕ್ಕಳ ಜೊತೆ ನೋಡಲು ಒಂದು ಸಿನಿಮಾ ಹೇಳಿ.

ಓದುಗ: ತೇಜಸ್ವಿಯವರ ‘ಕರ್ವಾಲೊ’ ಓದಿ ಮೇಡಂ. 1980ರ ಕಾದಂಬರಿ, ತೆಳ್ಳಗಿದೆ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಡುವ ಭಾಗ ಬಂದಾಗ ಪಕ್ಕದಲ್ಲಿದ್ದ ಕಾಫಿ ಆರಿಹೋದದ್ದೂ ನನಗೆ ಗೊತ್ತಾಗಲಿಲ್ಲ.

ಮಂಡ್ಯದ ಅಕ್ಕ: ಮಕ್ಕಳಿಗೆ ‘ಬೆಟ್ಟದ ಹೂವು’ ತೋರಿಸಿ, 1985ರದು. ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ಬೆಟ್ಟದ ಹೂ ಮಾರಿ ಕಾಸು ಕೂಡಿಡುವ ಹುಡುಗನ ಕಥೆ. ಪುಟ್ಟ ಪುನೀತ್‌ಗೆ ಇದಕ್ಕೇ ರಾಷ್ಟ್ರಪ್ರಶಸ್ತಿ ಬಂದಿದ್ದು, ಅಲ್ವಾ?

ಕುವೆಂಪುನಗರದವಳು: ಹೌದು ಅಕ್ಕ! ಭಾನುವಾರ ಹಿದುಕಿದ ಅವರೆಬೇಳೆ ಸಾರು ಮಾಡಿ, ಎಲ್ಲರೂ ಕೂತು ನೋಡುತ್ತೇವೆ.