‘ಮಾರ್ತಾಂಡ ವರ್ಮ’ ಮೂಕಿ ಚಿತ್ರ ಯಾರಾದರೂ ನೋಡಿದ್ದೀರಾ?

ಪ್ರಶ್ನೆ, ಬದಿಯಡ್ಕದಿಂದ: ಸಿ. ವಿ. ರಾಮನ್ ಪಿಳ್ಳೆಯವರ 1891ರ ಕಾದಂಬರಿ ಹಿಡಿದು ಕೂತಿದ್ದೇನೆ. ಮಲಯಾಳ ಮಾತಾಡ್ತೇನೆ, ಓದುವಾಗ ಮಾತ್ರ ಬೆರಳಿಟ್ಟುಕೊಂಡೇ ಓದಬೇಕು. ಇದರ ಮೂಕಿ ಚಿತ್ರ ಉಂಟಂತೆ, ಹೌದಾ?

ಉತ್ತರ: ಉಂಟು ಅಣ್ಣ. 1933ರದ್ದು, ಪಿ. ವಿ. ರಾವ್ ನಿರ್ದೇಶನ. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರು ಕೋರ್ಟಿಗೆ ಹೋದರು. ಚಿತ್ರದ ಪ್ರದರ್ಶನ ಅಲ್ಲಿಗೇ ನಿಂತಿತು. ಈಗ ಪ್ರತಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದೆ.

ಇನ್ನೊಂದು ಉತ್ತರ: ನಾನು ನೋಡಿದ್ದೇನೆ. ಕತೆ 18ನೇ ಶತಮಾನದ್ದು, ನಡುವೆ ಚಿತ್ರ ತೆಗೆದ ಕಾಲದಲ್ಲಿ ತಿರುವಾಂಕೂರು ಆಳುತ್ತಿದ್ದ ಚಿತ್ತಿರ ತಿರುನಾಳ್ ಮಹಾರಾಜರ ನಿಜವಾದ ಮೆರವಣಿಗೆ! ಸುಮ್ನೆ ಸೇರಿಸಿದ್ದಾರೆ ಅನಿಸಿದರೂ ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಪ್ರಶ್ನೆ ಕೇಳಿದವರು: ನಡುನಡುವೆ ಬರಹ ಬರುತ್ತದಲ್ವಾ, ಅದು ಮಲಯಾಳದಲ್ಲಾ?

ಉತ್ತರ: ಮಲಯಾಳ, ಇಂಗ್ಲಿಷ್ ಎರಡೂ. ಬೆರಳು ಬೇಡ ಅಣ್ಣ.